ದಡಸಲಿನ ಚರ್ಮ

ಟೀಚರು ನನ್ನ ಕೆಲಸದ ಮೇಜಿನ ಮೇಲೆ ಇಟ್ಟದ್ದು ಎರಡು ಗಂಟು ಹಾಕಿದ ಒಂದು ನೂಲು. ತುದಿಯಿಂದ ಮೊದಲ ಗಂಟಿಗೆ ಇಪ್ಪತ್ತಾರು ಇಂಚು. ಅದು ಅವರ ಕೈ ಬಿಲ್ಲಿನ ಹೆದೆಯನ್ನು ಎಳೆಯುವ ದೂರ. ಎರಡನೆಯ ಗಂಟಿಗೆ ಐದೂವರೆ ಅಡಿ. ಅದು ಅವರಿಗೆ ಬೇಕಾದ ಬಿಲ್ಲಿನ ಉದ್ದ. ಬ್ರಹ್ಮಾವರದ ಕಡೆಯ ಒಂದು ಹೈಸ್ಕೂಲಿನಲ್ಲಿ ಆಟ ಕಲಿಸುವ ಟೀಚರು ಅವರು. ಕಾಲೇಜಿನಲ್ಲಿದ್ದಾಗ ಬಿಲ್ಲು ಹಿಡಿದಿದ್ದರಂತೆ. ಆಮೇಲೆ ಮದುವೆ, ಕೆಲಸ, ಮಕ್ಕಳು ಎಂದು ಬಿಟ್ಟೇ ಹೋಗಿತ್ತು.

ಜನವರಿಯಲ್ಲಿ ಶಿಕ್ಷಕರ ಕ್ರೀಡಾಕೂಟ. ಅದರಲ್ಲಿ ಈ ಸಲ ಮರದ ಬಿಲ್ಲಿನ ಸ್ಪರ್ಧೆಯೂ ಇದೆ. ಮೇ ತಿಂಗಳಲ್ಲಿ ಅವರು ನಿವೃತ್ತಿಯಾಗುತ್ತಾರೆ, ಹಾಗಾಗಿ ಮುಂದಿನ ವರ್ಷ ಎಂಬುದು ಅವರಿಗಿಲ್ಲ. ಹೊರಗಿನಿಂದ ತರಿಸಿದ ಬಿಲ್ಲು ಗಟ್ಟಿಮುಟ್ಟಾದ ಗಂಡಸರ ಅಳತೆಯದು, ನಾಲ್ಕು ದಿನ ಎಳೆದದ್ದಕ್ಕೆ ಮೊಣಕೈ ಊದಿಕೊಂಡಿತ್ತು.

"ಗೆಲ್ಕ್ ಅಂತ ಅಲ್ಲ ಮಾರಾಯ್ರೆ. ಒಂದ್ ಸಲ ಆ ಗೆರೆ ಮೇಲ್ ನಿಂತ್ಕಣ್ಕ್, ಅಷ್ಟೆ. ನನ್ ಕೈಗೆ ಆಪಂಥ ಬಿಲ್ಲ್ ಒಂದ್ ಮಾಡಿ ಕೊಡ್ತ್ರ್ಯಾ?"

ನಾನು ದೋಣಿ ಕೆಲಸದವನು. ಮೀನುಗಾರರ ಮನೆಯಲ್ಲಿ ಹುಟ್ಟಿದರೂ ಬಲೆಗಿಂತ ಉಳಿಯೇ ಕೈಗೆ ಹತ್ತಿತು. ಮರದ ದೋಣಿ ಕಮ್ಮಿಯಾದ ಮೇಲೆ ಕೋಟೇಶ್ವರದ ಹೆದ್ದಾರಿ ಬದಿಯಲ್ಲಿ ಬಾಗಿಲು, ಕಿಟಕಿ ಮಾಡಿಕೊಂಡಿದ್ದೇನೆ. ಬಿಲ್ಲು ಮಾಡಿದವನಲ್ಲ. ಆದರೆ ಮರದ ವಿಷಯದಲ್ಲಿ ಯಾರಾದರೂ 'ಆಗುತ್ತದಾ' ಎಂದು ಕೇಳಿದರೆ ನನಗೆ ಮೈಮೇಲೆ ಬಂದ ಹಾಗಾಗುತ್ತದೆ. ಬಗ್ಗಿದ ಒಂದು ಕೋಲು, ಅದಕ್ಕೊಂದು ಹಗ್ಗ, ಅದರಲ್ಲಿ ಎಂತ ಇದೆ ಎಂದುಕೊಂಡು ಒಪ್ಪಿಬಿಟ್ಟೆ. ಹೆಂಡತಿ ಒಳಗಿನಿಂದಲೇ "ಇವ್ರಿಗ್ ಗೊತ್ತಿಲ್ದಿದ್ದ್ ಕೆಲ್ಸ ಅಂದ್ರೆ ಭಾರೀ ಪ್ರೀತಿ" ಎಂದಳು. ಟೀಚರು ನಕ್ಕರು. ನಾನು ಕೇಳಿಸದವನ ಹಾಗೆ ನೂಲನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಮರ ಆರಿಸಲು ನನಗೆ ಗೊತ್ತಿದ್ದದ್ದು ಒಂದೇ ದಾರಿ, ದೋಣಿಯ ದಾರಿ. ಹೊರಗಿನ ಬೆಳಿ ಭಾಗವನ್ನು ಪೂರ್ತಿ ಕಡಿದು ಬಿಸಾಡಬೇಕು, ಏಕೆಂದರೆ ಹುಳ ಹಿಡಿಯುವುದು, ಕೊಳೆಯುವುದು ಎಲ್ಲ ಅಲ್ಲಿಂದಲೇ. ಒಳಗಿನ ಕಪ್ಪು ಕೆಚ್ಚು ಮಾತ್ರ ಇಟ್ಟುಕೊಳ್ಳಬೇಕು. ಕೊಡತಿಯಿಂದ ಬಡಿದರೆ 'ಟಣ್' ಎನ್ನಬೇಕು. ನನ್ನಲ್ಲಿ ಕಿರಾಲಬೋಗಿಯ ಒಂದು ಹಳೆಯ ತುಂಡಿತ್ತು, ದೋಣಿಯ ತಳಕ್ಕೆಂದು ಇಟ್ಟು ವರ್ಷಗಟ್ಟಲೆ ಒಣಗಿದ್ದು. ಬಡಿದೆ, ಗಂಟೆಯ ಹಾಗೆ ನುಡಿಯಿತು. ಇದಕ್ಕಿಂತ ಒಳ್ಳೆಯದು ಎಲ್ಲಿ ಸಿಗಬೇಕು ಎಂದು ಅದನ್ನೇ ಹಿಡಿದೆ.

ಬಿಲ್ಲಿಗೆ ಎರಡು ಮುಖ. ಗುರಿಯ ಕಡೆಗಿರುವುದು ಬೆನ್ನು, ಹಿಡಿದವರ ಕಡೆಗಿರುವುದು ಹೊಟ್ಟೆ. ಹೆದೆ ಎಳೆದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಒತ್ತಿಕೊಳ್ಳುತ್ತದೆ. ನಡುವೆ ಕೈ ಹಿಡಿ, ಅದರ ಮೇಲೆ ಕೆಳಗೆ ಎರಡು ತೋಳು. ಗೋಡೆಗೆ ಒಂದು ಗೂಟ ಹೊಡೆದು, ಅದರ ಮೇಲೆ ಹಿಡಿಯನ್ನು ಕೂರಿಸಿ, ಹೆದೆಗೆ ಹಗ್ಗ ಕಟ್ಟಿ ಕೆಳಗಿನ ರಾಟೆಯಿಂದ ಎಳೆಯುತ್ತ ದೂರ ನಿಂತು ನೋಡಬೇಕು. ಯಾವ ತೋಳು ಬಗ್ಗುವುದಿಲ್ಲವೋ ಅದರ ಹೊಟ್ಟೆಯಿಂದ ಒಂದಿಷ್ಟು ಹೆರೆದು ಮತ್ತೆ ಎಳೆಯಬೇಕು. ಇಷ್ಟನ್ನು ಮೊಬೈಲಿನಲ್ಲಿ ನೋಡಿ ಕಲಿತೆ. ಎಳೆತದ ತೂಕಕ್ಕೆ ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಹಗ್ಗಕ್ಕೆ ಸಿಕ್ಕಿಸಿದೆ. ಟೀಚರಿಗೆ ಹದಿಮೂರು ಕಿಲೋ ಸಾಕು.

ಕಿರಾಲಬೋಗಿಯ ಬಿಲ್ಲು ಹದಿನೆಂಟು ಇಂಚಿಗೇ ಎರಡು ತುಂಡಾಯಿತು. ಒಂದು ತುಂಡು ಗೋಡೆಯ ಕ್ಯಾಲೆಂಡರನ್ನು ಹರಿದುಕೊಂಡು ಹೋಯಿತು. ಆ ಮರದ ಎಳೆ ಒಂದರೊಳಗೊಂದು ಹೆಣೆದುಕೊಂಡಿರುತ್ತದೆ. ನೀರಿನಲ್ಲಿ ಅಲುಗದೆ ಇರಲು ಅದು ಒಳ್ಳೆಯದು, ಬಗ್ಗಲು ಅಲ್ಲ. ನಾನು ನಲವತ್ತು ವರ್ಷ ಬಗ್ಗದ ಮರವನ್ನೇ ಹುಡುಕಿದವನು, ಬಗ್ಗುವ ಮರ ಕೇಳಿದಾಗಲೂ ಅದನ್ನೇ ಹುಡುಕಿದ್ದೆ.

ಕುಂದಾಪುರದ ಸಾಮಿಲ್ಲಿನಲ್ಲಿ ವಿಚಾರಿಸಿದಾಗ ಅಲ್ಲಿಯ ಹಳೆಯ ಮೇಸ್ತ್ರಿ ಒಬ್ಬರು ದಡಸಲು ಎಂದರು. ಗುದ್ದಲಿಯ ಕಾವಿಗೆ, ಹೊರೆ ಹೊರುವ ಕೋಲಿಗೆ ಹಿಂದೆ ಅದೇ ಆಗುತ್ತಿದ್ದದ್ದು. ಕೇಳಿದ ಕೂಡಲೇ ನನಗೂ ಸರಿ ಅನಿಸಿತು. ಒಣಗಿದ ಒಂದು ಹಲಗೆ ತಂದೆ. ಅಂಚಿನಲ್ಲಿದ್ದ ಬೆಳಿಯನ್ನು ತೆಗೆದು, ನಾಲ್ಕು ಮುಖಕ್ಕೂ ಕೀಸುಳಿ ಹಾಕಿ, ನೂಲು ಹಿಡಿದ ಹಾಗೆ ನೇರ ಮಾಡಿ, ಬೆನ್ನಿಗೆ ಪಾಲಿಶ್ ಕಾಗದ ಉಜ್ಜಿದೆ. ಗೋಡೆಯ ಮೇಲೆ ಅದು ಚೆನ್ನಾಗಿ ಬಗ್ಗಿತು. ಇಪ್ಪತ್ತಾರು ಇಂಚಿಗೆ ಹದಿಮೂರೂವರೆ ಕಿಲೋ. ನನ್ನ ಕೆಲಸವನ್ನು ನಾನೇ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದೆ, ಎರಡೆರಡು ಸಲ.

ಟೀಚರು ಬಂದರು. ಮೂರು ಸಲ ಎಳೆದರು, ಮುಖ ಅರಳಿತು. ನಾಲ್ಕನೆಯ ಸಲ ಎಳೆದಾಗ ಬೆನ್ನಿನಿಂದ ಒಂದು ಸಿಗುರು ಎದ್ದು ಮೇಲಿನ ತೋಳು ಮುರಿದೇಹೋಯಿತು. ಚೂಪು ತುದಿ ಅವರ ಕಿವಿಯ ಹತ್ತಿರ ಗೀರಿತು. ಸ್ವಲ್ಪವೇ ರಕ್ತ. ಅವರು ಕೈವಸ್ತ್ರ ಒತ್ತಿಕೊಂಡು "ನಂಗೆಂತ ಆಯ್ಲಿಲ್ಲ, ನೀವ್ ಕೂಕಣಿ ಕಾಂಬ" ಎಂದು ನನ್ನನ್ನೇ ಕೂರಿಸಿದರು. ಒಂದು ಅಂಗುಲ ಈಚೆಗಾಗಿದ್ದರೆ ಕಣ್ಣು.

ಕೂಟಕ್ಕೆ ಆರು ವಾರ ಉಳಿದಿತ್ತು. ಇದು ನನ್ನಿಂದಾಗುವ ಕೆಲಸವಲ್ಲ ಎಂದು ಫೋನು ಮಾಡಲು ಮೂರು ಸಲ ಹೊರಟೆ. ಹಾಗೆಂದರೆ ಅವರು ಗೆರೆಯ ಮೇಲೆ ನಿಲ್ಲುವುದು ಈ ಜನ್ಮಕ್ಕೆ ಮುಗಿದ ಹಾಗೆ, ಅದೂ ಗೊತ್ತಿತ್ತು. ಭಾನುವಾರ ನಾವು ಉಪ್ಪುಂದಕ್ಕೆ, ಹೆಂಡತಿಯ ತವರಿಗೆ ಹೋಗುವುದಿತ್ತು. ಅವಳು ಮುರಿದ ದಡಸಲನ್ನು ನನಗೆ ಹೇಳದೆ ಚೀಲಕ್ಕೆ ತುರುಕಿದ್ದಳು.

ಅವಳ ತಂದೆಗೆ ಈಗ ಎಂಬತ್ತು ದಾಟಿದೆ. ಐವತ್ತರ ತನಕವೂ ಉಪ್ಪುಂದದ ದಡದಿಂದ ಮೀನಿನ ಎರಡು ಬುಟ್ಟಿಗಳನ್ನು ಕಾವಡಿ ಕೋಲಿಗೆ ತೂಗುಹಾಕಿ, ಹೆಗಲ ಮೇಲೆ ಹೊತ್ತು ಗೋಳಿಹೊಳೆಯ ಕಡೆಗೆ ನಡೆದು ಮಾರಿದವರು. ಸಣ್ಣ ದೇಹ, ಸಣ್ಣ ಮಾತು. ಮದುವೆಯ ದಿನದಿಂದ ನನ್ನನ್ನು 'ನೀವ್' ಎಂದೇ ಕರೆದವರು. ಮಗಳಿಗೆ, ಮೊಮ್ಮಕ್ಕಳಿಗೆ, ಪಕ್ಕದ ಮನೆಯ ನಾಯಿಗೆ ಎಲ್ಲ ನೀನ್. ನನಗೆ ಮಾತ್ರ ಮೂವತ್ತೊಂದು ವರ್ಷದಿಂದ ಬಹುವಚನ. "ಅಪ್ಪಯ್ಯಂಗೆ ನಿಮ್ಮನ್ನ್ ಕಂಡ್ರೆ ಇನ್ನೂ ನೆಂಟ್ರ್ ಬಂದಾಂಗೆ" ಎಂದು ಹೆಂಡತಿ ಛೇಡಿಸುತ್ತಾಳೆ. ನನಗೆ ಅದು ಒಳಗೊಳಗೇ ಚುಚ್ಚುತ್ತಿತ್ತು, ಹೇಳಿಕೊಂಡಿರಲಿಲ್ಲ.

ಚಹಾ ಕುಡಿಯುವಾಗ ಅವಳು ಮುರಿದ ಬಿಲ್ಲನ್ನು ಮಾವನ ತೊಡೆಯ ಮೇಲಿಟ್ಟಳು. ಅವರು ಹೆಬ್ಬೆರಳಿನಿಂದ ಅದರ ಬೆನ್ನನ್ನು ಸವರಿದರು. ಮುರಿದಲ್ಲಿ ನಿಂತು ಮತ್ತೆ ಹಿಂದಕ್ಕೆ ಸವರಿದರು.

"ಇದ್ರ್ ಚರ್ಮ ಎಲ್ಲಿತ್ತ್?"

"ಸಿಪ್ಪೆಯಾ? ಅದು ಸಾಮಿಲ್ಲಿನಲ್ಲೇ ಹೋಗಿರುತ್ತದೆ" ಎಂದೆ.

"ಸಿಪ್ಪೆ ಅಲ್ಲ. ಸಿಪ್ಪೆ ತೆಗುಕ್. ಸಿಪ್ಪೆ ಅಡಿಲಿ ಚರ್ಮ ಇರತ್ತಲೆ, ಬೆಳಿ ಚರ್ಮ. ಅದನ್ನ್ ತೆಗುಕಾಗ. ಮರದ್ ಎಳೆ ಎಲ್ಲ ಅಲ್ಲಿ ತಲೆಯಿಂದ ಕಾಲ್ ತನ್ಕ ಒಂದೇ ಇರತ್ತ್. ನೀವ್ ನೇರ ಮಾಡುಕ್ ಹೋಯಿ ಎಳೆ ಕಡ್ದಿದ್ರಿ. ಕಡ್ದ್ ಎಳೆ ಎದ್ದ್ ಬಂತ್, ಅಷ್ಟೆ."

ನಾನು ಬಿಲ್ಲನ್ನು ಕೈಗೆ ತೆಗೆದುಕೊಂಡು ನೋಡಿದೆ. ಎಳೆಗಳು ಮರದ ಉದ್ದಕ್ಕೆ ಓಡದೆ ಓರೆಯಾಗಿ ಬಂದು ಬೆನ್ನಿನ ಮೇಲೆ ಮುಗಿಯುತ್ತಿದ್ದವು. ಸಿಗುರು ಎದ್ದದ್ದು ಅಂಥ ಒಂದು ಮುಗಿದ ಎಳೆಯ ಜಾಗದಲ್ಲೇ. ನನ್ನ ಕೀಸುಳಿಯೇ ಅದನ್ನು ಕಡಿದಿತ್ತು. ದೋಣಿಗೆ ಬೇಡವಾದ ಬೆಳಿ ಎಂದು ನಾನು ಗುಡಿಸಿ ಒಲೆಗೆ ಹಾಕಿದ್ದೇ ಬಿಲ್ಲಿನ ಬೆನ್ನಾಗಬೇಕಿತ್ತು.

ಆಗ ನನಗೆ ಮೂವತ್ತೊಂದು ವರ್ಷದ ಹಿಂದಿನ ಒಂದು ಆಸಾಡಿ ತಿಂಗಳು ನೆನಪಾಯಿತು. ಮದುವೆಯಾದ ಮೊದಲ ಮಳೆಗಾಲ. ಹೊಸ ಮದುಮಗಳು ಆಸಾಡಿಗೆ ತವರಿಗೆ ಬಂದಿದ್ದಳು, ನನ್ನನ್ನೂ ನಾಲ್ಕು ದಿನಕ್ಕೆ ಕರೆದಿದ್ದರು. ಹೊಸ ಅಳಿಯ ಮಾವನ ಮನೆಯಲ್ಲಿ ಒಂದು ಕಡ್ಡಿ ಎತ್ತುವ ಹಾಗಿಲ್ಲ. ಉಣ್ಣುವುದು, ಮಲಗುವುದು, ಮಳೆ ನೋಡುವುದು. ಮೂರನೆಯ ದಿನ ಕೈ ತುರಿಸಿ ತಡೆಯಲಾಗದೆ, ಜಗಲಿಯ ಮೂಲೆಯಲ್ಲಿದ್ದ ಮಾವನ ಕಾವಡಿ ಕೋಲನ್ನು ತೆಗೆದುಕೊಂಡೆ. ಅಂಕುಡೊಂಕು, ಬೆವರು ಕುಡಿದು ಬಣ್ಣಗೆಟ್ಟದ್ದು. ಪಕ್ಕದ ಮನೆಯಿಂದ ಕೀಸುಳಿ ತಂದು ಇಡೀ ದಿನ ಕೂತು ಕೆತ್ತಿ, ನುಣುಪು ಮಾಡಿ, ತೆಂಗಿನೆಣ್ಣೆ ಹಚ್ಚಿ ಕೊಟ್ಟೆ. ಮಾವ ಅದನ್ನು ಎರಡೂ ಕೈಯಲ್ಲಿ ಹಿಡಿದು "ಚೆಂದ ಆಯ್ತ್" ಎಂದಿದ್ದರು. ಮಳೆಗಾಲ ಮುಗಿದು ಮೀನು ಹೊರತೊಡಗಿದ ತಿಂಗಳೊಳಗೆ ಬೈಂದೂರಿನ ಏರಿನಲ್ಲಿ ಆ ಕೋಲು ಮುರಿದು ಎರಡು ಬುಟ್ಟಿ ಬಂಗುಡೆ ರಸ್ತೆಪಾಲಾಯಿತು. ಆಮೇಲೆ ಅವರು ಸೈಕಲ್ಲು ತೆಗೆದುಕೊಂಡರು. ಬೇರೆ ಕೋಲು ಮಾಡಿಸಲಿಲ್ಲ.

ಹೆಂಡತಿಗೂ ಅದೇ ನೆನಪಾಗಿರಬೇಕು. "ಅಪ್ಪಯ್ಯ, ಆ ಕೋಲೂ ಹಿಂಗೇ ಮುರ್ದದ್ದಾ?" ಎಂದಳು.

ಮಾವ ಲೋಟ ಕೆಳಗಿಟ್ಟರು. "ಅದಾ? ಅದ್ ಹಳತಾಯಿತ್ತ್" ಎಂದರು.

ಅದು ಹಳತಾಗಿರಲಿಲ್ಲ. ಕೆತ್ತುವಾಗ ಒಳಗೆ ಎಷ್ಟು ಗಟ್ಟಿಯಿತ್ತೆಂದು ನನ್ನ ಕೈಗೆ ಗೊತ್ತಿತ್ತು. ಆಗಲೇ ತಪ್ಪಾಯಿತು ಎನ್ನಬಹುದಿತ್ತು. ಬದಲಿಗೆ "ಮರ ಆರಿಸಲು ನೀವು ಬರುತ್ತೀರಾ?" ಎಂದು ಕೇಳಿದೆ. ಅವರು ಹೆಗಲ ಮೇಲಿನ ಬೈರಾಸು ಬಟ್ಟೆಯನ್ನು ಕೊಡವಿ "ಬತ್ತೆ" ಎಂದರು.

ಮರ ಸಿಕ್ಕಿದ್ದು ಕೊಕ್ಕರ್ಣೆಯಲ್ಲಿ, ಟೀಚರ ಅಣ್ಣನ ಮನೆಯಲ್ಲಿ. ಅವರು ಮುಂಬೈಯಲ್ಲಿ ಹೋಟೆಲು ನಡೆಸಿ ಈಗ ಊರಿನಲ್ಲಿ ಗದ್ದೆ ಮಾಡಿಸುವವರು. ಎರಡು ವರ್ಷದ ಹಿಂದೆ ಗಾಳಿಗೆ ಅವರ ಗದ್ದೆಯಂಚಿನ ದಡಸಲು ಬಿದ್ದಿತ್ತು. ಗುದ್ದಲಿಯ ಕಾವಿಗಾಗುತ್ತದೆ ಎಂದು ಅದನ್ನು ಆಗಲೇ ಬೆಣೆ ಹೊಡೆದು ಉದ್ದಕ್ಕೆ ಸೀಳಿ, ದನದ ಹಟ್ಟಿಯ ಅಟ್ಟದಲ್ಲಿ ಹಾಕಿದ್ದರು. ಗರಗಸದಲ್ಲಿ ಕೊಯ್ದರೆ ಗರಗಸ ಹೋದಲ್ಲಿಗೆ ಮರ ಬರುತ್ತದೆ. ಸೀಳಿದರೆ ಎಳೆ ಹೋದಲ್ಲಿಗೆ ಸೀಳು ಹೋಗುತ್ತದೆ. ನಾನು, ಮಾವ, ಟೀಚರು ಹೋದ ದಿನ ಸಿಪ್ಪೆ ಸಮೇತ ಮೂರು ಸೀಳುಗಳನ್ನು ಅಂಗಳಕ್ಕೆ ಇಳಿಸಿದರು.

ನಾನು ಆಗಲೇ ಒಂದನ್ನು ಆರಿಸಿಬಿಟ್ಟಿದ್ದೆ. ಬಾಣದ ಹಾಗೆ ನೇರ, ಗಂಟಿಲ್ಲ. ಇನ್ನೊಂದೂ ಪರವಾಗಿಲ್ಲ. ಮೂರನೆಯದು ಎರಡು ಕಡೆ ಸೊಟ್ಟ, ನಡುವೆ ಒಂದು ಗಂಟು. ಅದನ್ನು ಕಾಲಿನಿಂದ ಬದಿಗೆ ಸರಿಸಿದೆ.

ಮಾವ ಬಡಿದು ನೋಡಲಿಲ್ಲ, ಬೆಳಕಿಗೆ ಹಿಡಿಯಲೂ ಇಲ್ಲ. ಎರಡು ಗೋಣಿಚೀಲದಲ್ಲಿ ಆರಾರು ತೆಂಗಿನಕಾಯಿ ಹಾಕಿಸಿದರು. ನೇರ ಸೀಳಿನ ಎರಡು ತುದಿಗೆ ಚೀಲಗಳನ್ನು ಕಟ್ಟಿಸಿ, ನಡುವನ್ನು ಹೆಗಲ ಮೇಲೆ ಇಟ್ಟುಕೊಂಡು ಎದ್ದರು. ನಾನು ತೋಳು ಹಿಡಿಯಲು ಹೋದೆ, ಕೊಡವಿಕೊಂಡರು. ಅಂಗಳದಲ್ಲಿ ಒಂದು ಸುತ್ತು ಬಂದು ಇಳಿಸಿದರು.

"ಇದ್ ಹೊರ್ತ್, ಆರೆ ನಡಿತಿಲ್ಲ."

ನಮಗೆ ಅರ್ಥವಾಗಲಿಲ್ಲ. ಟೀಚರು "ಅಂದ್ರೆ ಎಂತ ಅಜ್ಜ?" ಎಂದು ಕೇಳಿದರು.

"ಕಾಲ್ ಕೆಳಗ್ ಬಪ್ಪತ್ತಿಗೆ ಕೋಲಿನ್ ತುದಿ ಮೇಲ್ ಹೋಯ್ಕ್. ಆಗ ಭಾರ ಹೆಗ್ಲಿಗ್ ಗೊತ್ತಾತಿಲ್ಲ, ಕೋಲೇ ನಮ್ಮನ್ನ್ ಎತ್ಕಂಡ್ ಹೋತ್ತ್. ಇದ್ ಸುಮ್ನೆ ಹೆಗ್ಲ್ ಮೇಲ್ ಕೂಕಂಡಿತ್ತ್."

ಎರಡನೆಯದನ್ನು ಹೊತ್ತು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಸಣ್ಣದೊಂದು ಸದ್ದು ಬಂತು. ಒಳಗೆ ಬಿರಿದಿದೆ ಎಂದು ಇಳಿಸಿದರು. ಮೂರನೆಯದು ಸೊಟ್ಟದ್ದು. ಹೊತ್ತು ಹೊರಟರು, ಚೀಲಗಳು ಹೆಜ್ಜೆಗೆ ಸರಿಯಾಗಿ ಏರಿಳಿಯತೊಡಗಿದವು. ತುಳಸಿಕಟ್ಟೆಗೆ ಸುತ್ತು ಬಂದರು, ಹಟ್ಟಿಯವರೆಗೆ ಹೋದರು, ತಿರುಗಿ ಮತ್ತೆ ಬಂದರು, ನಿಲ್ಲಲಿಲ್ಲ. ಅವರ ಬೆನ್ನು ನೆಟ್ಟಗಾಗಿತ್ತು. "ಸಾಕ್ ಸಾಕ್, ಅಜ್ಜ ಹಿಂಗೇ ಬಿಟ್ರೆ ಉಪ್ಪುಂದಕ್ಕೇ ನಡೀತ್ರ್" ಎಂದು ಟೀಚರ ಅಣ್ಣ ನಕ್ಕರು. ನನಗೆ ನಗು ಬರಲಿಲ್ಲ. ಮೂವತ್ತೊಂದು ವರ್ಷದಿಂದ ಅವರು ಹೀಗೆ ನಡೆದದ್ದನ್ನು ನಾನು ಕಂಡಿರಲಿಲ್ಲ. ಅದಕ್ಕೆ ಕಾರಣ ಯಾರೆಂದು ನನಗೆ ಗೊತ್ತಿತ್ತು.

"ಇದ್ ನಡಿತ್ತ್" ಎಂದು ಸೊಟ್ಟ ಸೀಳನ್ನು ನನ್ನ ಕೈಗಿಟ್ಟರು.

"ಇಷ್ಟು ಸೊಟ್ಟ ಮರದಲ್ಲಿ ಬಿಲ್ಲು ಹೇಗೆ ಮಾಡುವುದು?" ನನ್ನ ಧ್ವನಿ ಸ್ವಲ್ಪ ಏರಿತು. ಜೇಬಿನಲ್ಲಿ ಟೀಚರ ನೂಲಿತ್ತು. ಒಂದು ತುದಿಯನ್ನು ಟೀಚರಿಗೆ ಹಿಡಿಯಲು ಕೊಟ್ಟು, ಸೀಳಿನ ಈ ಕೊನೆಯಿಂದ ಆ ಕೊನೆಗೆ ಬಿಗಿಯಾಗಿ ಎಳೆದು ನೋಡಿದೆ. ಮರ ಒಮ್ಮೆ ಎಡಕ್ಕೆ ಹೋಗಿ ಒಮ್ಮೆ ಬಲಕ್ಕೆ ಬರುತ್ತಿತ್ತು. ಆದರೆ ಕೈ ಹಿಡಿಯುವ ಜಾಗದಲ್ಲಿ ನೂಲು ಸರಿಯಾಗಿ ಮಧ್ಯದಲ್ಲಿ ಹಾದುಹೋಗಿತ್ತು. ಹೆದೆಯೂ ಅಲ್ಲೇ ಹಾದುಹೋಗುತ್ತದೆ. ಬಿಲ್ಲಿಗೆ ಬೇಕಾದ ನೇರ ಅಷ್ಟೇ. ಉಳಿದ ನೇರವೆಲ್ಲ ನನ್ನ ಕಣ್ಣಿಗೆ ಬೇಕಾದದ್ದು. ಮರ ಹೋದ ಹಾಗೆ ನಾನು ಹೋಗುವುದೆಂದು ಅಲ್ಲೇ ತೀರ್ಮಾನ ಮಾಡಿದೆ.

ಮನೆಗೆ ಬಂದು ಸೀಳನ್ನು ಮತ್ತೆ ಉದ್ದಕ್ಕೆ ಎರಡು ಮಾಡಿದೆ. ಗಂಟಿದ್ದರೂ ಅಗಲವಿದ್ದ ಭಾಗ ಬಿಲ್ಲಿಗೆ, ಇನ್ನೊಂದು ಭಾಗವನ್ನು ಹಂಚಿನ ಮಾಡಿನ ಕೆಳಗೆ ಎತ್ತಿಟ್ಟೆ. ಬಿಲ್ಲಿನದು ಮುರಿದರೆ ಅದೊಂದೇ ಆಸರೆ, ಆದರೆ ಇನ್ನೊಂದು ಸಲ ಮಾಡಲು ದಿನಗಳಿರಲಿಲ್ಲ. ಸಿಪ್ಪೆಯನ್ನು ನೀರು ಹಚ್ಚಿ ನೆನೆಸಿ, ಬಿದಿರಿನ ಚೂರಿನಿಂದ ಎಬ್ಬಿಸಿದೆ. ನಾರುನಾರಾಗಿ ಬಂತು. ಅದರಡಿಯಲ್ಲಿ ಮಾವ ಹೇಳಿದ ಚರ್ಮ, ಕೆನೆಬಣ್ಣದ್ದು, ಎಲ್ಲೂ ಕಡಿಯದೆ ಈ ತುದಿಯಿಂದ ಆ ತುದಿಯವರೆಗೆ. ಅದರ ಮೇಲೆ ಸಣ್ಣ ಸಣ್ಣ ಉಬ್ಬು ತಗ್ಗು. ನನ್ನ ಕೈ ತಾನಾಗಿಯೇ ಕೀಸುಳಿಯ ಕಡೆ ಹೋಯಿತು. ನನ್ನ ಮೇಲೆ ನನಗೆ ನಂಬಿಕೆ ಇರಲಿಲ್ಲ. ಕೀಸುಳಿಯನ್ನು ಹೆಂಡತಿಗೆ ಕೊಟ್ಟು ಅಡಗಿಸಿಡಲು ಹೇಳಿದೆ. ಅವಳು ಅದನ್ನು ಸೀರೆಯ ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೂರು ವಾರ ಕೊಡಲಿಲ್ಲ.

ಕೆಲಸವೆಲ್ಲ ಹೊಟ್ಟೆಯ ಕಡೆಯಿಂದ. ಮೊದಲು ಬಾಚಿ, ಆಮೇಲೆ ಅರ, ಕೊನೆಗೆ ಒಡೆದ ಗಾಜಿನ ಚೂರು. ಗಂಟಿನ ಸುತ್ತ ಸ್ವಲ್ಪ ಹೆಚ್ಚು ಮರ ಬಿಟ್ಟೆ. ಅಲ್ಲಿ ಎಳೆಗಳು ಕಲ್ಲಿಗೆ ಸುತ್ತು ಹಾಕುವ ನೀರಿನ ಹಾಗೆ ಸರಿದು ಹೋಗುತ್ತಿದ್ದವು, ಅವುಗಳ ದಾರಿಯಲ್ಲೇ ನನ್ನ ಅರವೂ ಸರಿಯಿತು. ದಿನಕ್ಕೆ ಒಂದು ಇಂಚು ಹೆಚ್ಚು ಎಳೆದು, ಮೂವತ್ತು ಸಲ ಬಗ್ಗಿಸಿ, ಬಿಟ್ಟು, ಮರುದಿನ ನೋಡುತ್ತಿದ್ದೆ. ಹದಿನೆಂಟು ಇಂಚಿನ ದಿನ ಕ್ಯಾಲೆಂಡರಿದ್ದ ಗೋಡೆಯಿಂದ ದೂರ ನಿಂತೆ. ಏನೂ ಆಗಲಿಲ್ಲ. ಇಪ್ಪತ್ತೆರಡರಲ್ಲಿ ಕೆಳಗಿನ ತೋಳು ಹಟ ಹಿಡಿಯಿತು, ಎರಡು ದಿನ ಗಾಜಿನ ಚೂರು ಹಿಡಿದು ಅದನ್ನು ಒಲಿಸಿದೆ. ಇಪ್ಪತ್ತಾರಕ್ಕೆ ತಕ್ಕಡಿ ಹದಿಮೂರು ಕಿಲೋ ಎಂದಿತು.

ಈ ಸಲ ಮೊದಲು ನಾನೇ ಎಳೆದೆ, ಐವತ್ತು ಸಲ. ಆಮೇಲೆ ಟೀಚರನ್ನು ಕರೆದೆ. ಅವರು ಬಿಲ್ಲಿನ ಮೇಲೆ ತುದಿಯಿಂದ ತುದಿಗೆ ಬೆರಳಾಡಿಸಿದರು. ಹೆದೆ ಕಟ್ಟದೆ ಇಟ್ಟರೆ ಅದು ಹಾವು ಹೋದ ದಾರಿಯ ಹಾಗೇ ಕಾಣುತ್ತಿತ್ತು. ಕಿವಿಯ ಹತ್ತಿರದ ಗೀರು ಇನ್ನೂ ಪೂರ್ತಿ ಮಾಸಿರಲಿಲ್ಲ. "ಹೆದ್ರಿಕೆ ಆತ್ತಾ?" ಎಂದು ನನ್ನ ಹೆಂಡತಿ ಕೇಳಿದಳು. "ಆತ್ತ್" ಎಂದರು ಟೀಚರು, ಹಾಗೆನ್ನುತ್ತಲೇ ಎಳೆದರು. ಹಿಂದಿನ ಕೊಯ್ದ ಗದ್ದೆಯಲ್ಲಿ ಹುಲ್ಲಿನ ಕುತ್ತರಿಗೆ ಕಟ್ಟಿದ ಕಾಗದದ ಮೇಲಿನ ಅಂಚಿಗೆ ಬಾಣ ಹೋಗಿ ನಾಟಿತು. ಅವರು ಬಿಲ್ಲನ್ನು ಕೆಳಗಿಳಿಸಲಿಲ್ಲ, ಇನ್ನೊಂದು ಬಾಣಕ್ಕೆ ಕೈ ಚಾಚಿದರು.

ಕೂಟದಲ್ಲಿ ಅವರು ಆರನೆಯವರಾದರು. ಗೆರೆಯ ಮೇಲೆ ನಿಂತ ಒಂದು ಫೋಟೊ ಕಳುಹಿಸಿದ್ದರು. ಅಕ್ಕಪಕ್ಕದವರ ನೇರ ಬಿಲ್ಲುಗಳ ನಡುವೆ ನಮ್ಮ ಸೊಟ್ಟ ಬಿಲ್ಲು, ಅದರ ಹಿಂದೆ ಒಂದು ಕಣ್ಣು ಮುಚ್ಚಿದ ಟೀಚರ ಮುಖ. ಸಂಜೆ ಫೋನು ಮಾಡಿದರು. "ಅಜ್ಜಂಗೆ ಹೇಳಿ, ಬಿಲ್ಲ್ ನಡೀತ್ ಅಂತ" ಎಂದರು.

ಮಾಡಿನ ಕೆಳಗಿನ ಇನ್ನೊಂದು ಭಾಗವನ್ನು ಅದರ ಮರುವಾರ ಇಳಿಸಿದೆ. ಸಿಪ್ಪೆ ತೆಗೆದೆ, ಚರ್ಮ ಮುಟ್ಟಲಿಲ್ಲ. ತುದಿಗಳಲ್ಲಿ ಹಗ್ಗ ಜಾರದ ಹಾಗೆ ಒಂದೊಂದು ಕಚ್ಚು ಮಾತ್ರ ಹಾಕಿ, ಹೆಂಡತಿಯ ಜೊತೆ ಬಸ್ಸಿನಲ್ಲಿ ಉಪ್ಪುಂದಕ್ಕೆ ಒಯ್ದೆ.

ಮಾವ ಬಾವಿಕಟ್ಟೆಯ ಹತ್ತಿರ ಇದ್ದರು. ಕೋಲನ್ನು ಅವರ ಕೈಗೆ ಕೊಟ್ಟು, ಮೂವತ್ತೊಂದು ವರ್ಷದಿಂದ ಹೇಳಬೇಕಾದದ್ದನ್ನು ಹೇಳಿದೆ. "ಆ ಕೋಲು ಹಳತಾಗಿರಲಿಲ್ಲ ಮಾವ. ನಾನೇ ಹಾಳು ಮಾಡಿದ್ದು."

ಅವರು ಎರಡು ಕೊಡಪಾನಕ್ಕೆ ಅರ್ಧರ್ಧ ನೀರು ತುಂಬಿ ತುದಿಗಳಿಗೆ ಕಟ್ಟಿದರು. ಹೆಗಲಿಗೇರಿಸಿ ಬಸಳೆಯ ಚಪ್ಪರದವರೆಗೆ ನಡೆದರು, ನೀರು ಹೊಯ್ದು ಬಂದರು. ಒಂದು ಹನಿಯೂ ದಾರಿಯಲ್ಲಿ ತುಳುಕಲಿಲ್ಲ.

"ಗೊತ್ತಿತ್ತ್" ಎಂದರು. "ನೀವ್ ಕೊಟ್ಟ್ ದಿನವೇ ಗೊತ್ತಿತ್ತ್."

"ಮತ್ತೆ ಯಾಕೆ ಹೇಳಲಿಲ್ಲ? ಹೊರದೆ ಬದಿಗಿಡಬಹುದಿತ್ತಲ್ಲ?"

"ಹೊಸ ಅಳಿಯ ಇಡೀ ದಿನ ಕೂಕಂಡ್ ಮಾಡಿ ಕೊಟ್ಟದ್ದ್. ಬದಿಗಿಡುದ್ ಹ್ಯಾಂಗೆ?"

ನಾನು ಮುಖ ತಿರುಗಿಸಿದೆ. ಕಣ್ಣು ತುಂಬಿತ್ತು. ಏನಾದರೂ ಮಾಡಬೇಕಲ್ಲ ಎಂದು ಕೋಲಿನ ತುದಿಯನ್ನು ಹಿಡಿದು ನೋಡಿದೆ. ಕಚ್ಚಿನ ಬದಿಯಲ್ಲಿ ಚರ್ಮದ ಮೇಲೆ ಒಂದು ಸಣ್ಣ ಉಬ್ಬು ಕೈಗೆ ತಾಗಿತು. ಜೇಬಿನಲ್ಲಿ ಪಾಲಿಶ್ ಕಾಗದದ ಒಂದು ಚೂರಿತ್ತು, ಅದು ಯಾವಾಗಲೂ ಇರುತ್ತದೆ. ತೆಗೆದು ಉಜ್ಜಲು ಹೊರಟೆ.

ಮಾವ ನನ್ನ ಮಣಿಕಟ್ಟಿಗೆ ಪಟ್ಟನೆ ಒಂದು ಏಟು ಕೊಟ್ಟರು.

"ಹ್ವಾಯ್, ನೀನ್ ಅದನ್ನ್ ಚೆಂದ ಮಾಡುಕ್ ಹೋಯ್ಬೇಡ."

ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿಯ ಮುಖ ಕಾಣಿಸಿತು. ಅವಳಿಗೂ ಕೇಳಿಸಿತ್ತು. ನಾನು ಕಾಗದವನ್ನು ಜೇಬಿಗೆ ಹಾಕಿಕೊಂಡು, ಇನ್ನೆರಡು ಕೊಡಪಾನ ನೀರು ಸೇದಲು ಬಾವಿಗೆ ಹಗ್ಗ ಬಿಟ್ಟೆ.